ಹಳದಿ ದೀಪ ಹೊತ್ತಿಕೊಂಡಾಗ

ಮೈಸೂರಿನ ಮದುವೆಯೊಂದಕ್ಕೆ ಬೆಂಗಳೂರಿನಿಂದ ಕಾರಿನಲ್ಲಿ ಹೊರಟ ಸಂಸಾರವೊಂದನ್ನು ಕಲ್ಪಿಸಿಕೊಳ್ಳಬಹುದು. ಹಿಂದಿನ ಆಸನದಲ್ಲಿ ಅಜ್ಜಿ, ಇಬ್ಬರು ಮಕ್ಕಳು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಮಲ್ಲಿಗೆಯ ದಂಡೆ. ಮುಂದೆ ಯಜಮಾನರು, ಪಕ್ಕದಲ್ಲಿ ಅವರ ಪತ್ನಿ. ರಾಮನಗರದ ಬಂಡೆಗಳು ಕಣ್ಣಿಗೆ ಬೀಳುವ ಹೊತ್ತಿಗೆ ಸ್ಟೀರಿಂಗಿನ ಹಿಂದಣ ಫಲಕದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪವೊಂದು ತಟ್ಟನೆ ಹೊತ್ತಿಕೊಂಡಿತು. ಕಾರು ನಿಲ್ಲಲಿಲ್ಲ, ಮುಗ್ಗರಿಸಲಿಲ್ಲ. ಸದ್ದಿನಲ್ಲಿ ಕೂಡ ವ್ಯತ್ಯಾಸ ಕಾಣಲಿಲ್ಲ. ಆದರೂ ಯಜಮಾನರ ಮುಖದ ಗೆಲುವು ಅಲ್ಲಿಗೆ ಮುಗಿಯಿತು.

“ಅದೇನ್ರೀ, ಆ ದೀಪ?”

“ಏನೂ ಇಲ್ಲ, ನೀನು ಸುಮ್ಮನಿರು.”

ಮದುವೆಯ ಊಟ ಯಜಮಾನರಿಗೆ ರುಚಿಸಲಿಲ್ಲ. ಮರುದಿನ ಕಾರು ಗ್ಯಾರೇಜಿಗೆ ಹೋಯಿತು. ಮೆಕ್ಯಾನಿಕ್ ಪುಟ್ಟದೊಂದು ಪೆಟ್ಟಿಗೆಯನ್ನು ಸ್ಟೀರಿಂಗಿನ ಕೆಳಗೆ ಸಿಕ್ಕಿಸಿ, ಒಂದು ನಿಮಿಷ ನೋಡಿ, ತೀರ್ಪು ಕೊಟ್ಟನು: “ಓಟೂ ಸೆನ್ಸರ್ ಹೋಗಿದೆ ಸಾರ್. ಒಟ್ಟು ಎರಡಿರುತ್ತೆ, ಎರಡೂ ಬದಲಾಯಿಸಿಬಿಡೋಣ. ಕನ್ವರ್ಟರೂ ಹೋಗಿರಬಹುದು, ಆಮೇಲೆ ನೋಡೋಣ.” ತಿಂಗಳ ಕೊನೆಯ ವಾರ, ಮಕ್ಕಳ ಶಾಲೆಯ ಶುಲ್ಕ ಇನ್ನೂ ಕಟ್ಟಿಲ್ಲ. ಯಜಮಾನರು ತಲೆಯಾಡಿಸಿದರು, ಬೇರೇನು ಮಾಡಬಲ್ಲರು? ಯಾವ ವಸ್ತು ಕೆಟ್ಟಿದೆಯೋ ಅದನ್ನು ಅವರು ಕಣ್ಣಿನಿಂದ ನೋಡಿದವರಲ್ಲ. ಅದು ಕೆಟ್ಟಿದೆಯೆಂಬುದಕ್ಕೆ ಒಂದು ದೀಪ ಮತ್ತು ಒಬ್ಬ ಮನುಷ್ಯನ ಮಾತು, ಇವೆರಡರ ಹೊರತು ಬೇರೆ ಸಾಕ್ಷಿಯಿಲ್ಲ.

ಪೆಟ್ರೋಲ್ ಕಾರನ್ನು ಇಟ್ಟುಕೊಂಡ ಸಂಸಾರಗಳಿಗೆ ಇಂಥ ಪ್ರಸಂಗ ಇಂದು ಅಪರೂಪವೇನೂ ಅಲ್ಲ. ಆಮ್ಲಜನಕದ ಸೆನ್ಸರನ್ನು ಹೆಚ್ಚು ಖರ್ಚಿಲ್ಲದೆ ಬದಲಾಯಿಸುವುದು ಸಾಧ್ಯ. ಆದರೆ ಅದಕ್ಕಿಂತ ಮೊದಲು ತಿಳಿಯಬೇಕಾದದ್ದು, ಅದನ್ನು ಬದಲಾಯಿಸಲೇಬೇಕೇ ಎಂಬ ವಿಷಯ. ಕೆಡದಿರುವ ವಸ್ತುವನ್ನು ಎಷ್ಟು ಅಗ್ಗವಾಗಿ ಕೊಂಡರೂ ಅದು ದುಬಾರಿಯೇ.

ಹೊಗೆಯ ರುಚಿ ನೋಡುವ ನಾಲಗೆ

ಈ ಸೆನ್ಸರ್ ನೋಡುವುದಕ್ಕೆ ಸ್ಪಾರ್ಕ್ ಪ್ಲಗ್ಗಿನ ದಾಯಾದಿಯಂತಿದೆ. ಹೆಬ್ಬೆರಳಿನ ಗಾತ್ರದ ಲೋಹದ ದೇಹ, ಸುತ್ತಲೂ ಮರೆ, ಹಿಂಬದಿಯಿಂದ ಹೊರಡುವ ತಂತಿಗಳು. ಎಂಜಿನ್ನಿನಿಂದ ಹೊಗೆಯನ್ನು ಹೊರಗೊಯ್ಯುವ ಕೊಳವೆಗೆ ಇದನ್ನು ತಿರುಪಿ ಬಿಗಿದಿರುತ್ತಾರೆ. ಅಲ್ಲಿ ಕುಳಿತು, ಸುಟ್ಟ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂಬುದನ್ನು ಅದು ಎಂಜಿನ್ನಿನ ಕಂಪ್ಯೂಟರಿಗೆ ಸದಾ ವರದಿ ಮಾಡುತ್ತಿರುತ್ತದೆ.

ಅದರ ಒಡಲಿನಲ್ಲಿರುವುದು ಜಿರ್ಕೋನಿಯಂ ಆಕ್ಸೈಡ್ ಎಂಬ ಪಿಂಗಾಣಿಯಂಥ ಪದಾರ್ಥ. ಅದರ ಎರಡೂ ಮುಖಗಳಿಗೆ ಪ್ಲಾಟಿನಮ್ಮಿನ ತೆಳುವಾದ ಲೇಪ. ಒಂದು ಮುಖ ಹೊಗೆಯನ್ನು ನೋಡುತ್ತದೆ, ಇನ್ನೊಂದು ಹೊರಗಿನ ಗಾಳಿಯನ್ನು. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಮೇಲೆ ಈ ಪಿಂಗಾಣಿಗೆ ಒಂದು ವಿಚಿತ್ರ ಗುಣ ಬರುತ್ತದೆ: ಆಮ್ಲಜನಕದ ಅಯಾನುಗಳು ಅದರ ಮೂಲಕ ಸಂಚರಿಸತೊಡಗುತ್ತವೆ. ಎರಡು ಕಡೆಯ ಆಮ್ಲಜನಕದಲ್ಲಿ ಅಂತರ ಹೆಚ್ಚಿದಷ್ಟೂ ವಿದ್ಯುತ್ತಿನ ಒತ್ತಡ ಹೆಚ್ಚುತ್ತದೆ. ಹೊಗೆಯಲ್ಲಿ ಆಮ್ಲಜನಕ ಇಲ್ಲವೇ ಇಲ್ಲವೆಂಬಷ್ಟು ಕಡಿಮೆಯಾದರೆ, ಅಂದರೆ ಪೆಟ್ರೋಲು ಹೆಚ್ಚಾಗಿ ಸುರಿದಿದ್ದರೆ, ಸುಮಾರು 0.9 ವೋಲ್ಟ್, ಗಾಳಿ ಹೆಚ್ಚಾಗಿದ್ದರೆ 0.1 ವೋಲ್ಟ್. ಇದನ್ನು ನೋಡಿಕೊಂಡು ಕಂಪ್ಯೂಟರ್ ಪೆಟ್ರೋಲನ್ನು ತುಸು ತಗ್ಗಿಸುತ್ತದೆ, ಮತ್ತೆ ತುಸು ಏರಿಸುತ್ತದೆ. ಉಪ್ಪು ನೋಡಿ ನೋಡಿ ಸಾರು ಹದಮಾಡುವ ಗೃಹಿಣಿಯ ಕೆಲಸದಂತೆಯೇ ಇದು. ಆದರೆ ಇಲ್ಲಿ ರುಚಿ ನೋಡುವ ಕೆಲಸ ಹೆಚ್ಚು ಕಡಿಮೆ ಸೆಕೆಂಡಿಗೊಮ್ಮೆ ನಡೆಯುತ್ತಿರುತ್ತದೆ.

ಇಷ್ಟೊಂದು ನಿಖರತೆ ಯಾವುದಕ್ಕಾಗಿ? ಒಂದು ಕಿಲೋ ಪೆಟ್ರೋಲು ಪೂರ್ತಿಯಾಗಿ ಉರಿಯುವುದಕ್ಕೆ ಸುಮಾರು 14.7 ಕಿಲೋ ಗಾಳಿ ಬೇಕು. ಈ ಹದದ ಆಸುಪಾಸಿನಲ್ಲಿ ಮಾತ್ರ, ಹೊಗೆಕೊಳವೆಯಲ್ಲಿ ಮುಂದೆ ಕುಳಿತಿರುವ ಕ್ಯಾಟಲಿಟಿಕ್ ಕನ್ವರ್ಟರ್ ಮೂರು ಬಗೆಯ ವಿಷಗಳನ್ನೂ ಒಟ್ಟಿಗೆ ಶುದ್ಧಿಮಾಡಬಲ್ಲದು: ಕಾರ್ಬನ್ ಮೊನಾಕ್ಸೈಡು, ಉರಿಯದೆ ಉಳಿದ ಇಂಧನದ ಆವಿ, ಸಾರಜನಕದ ಆಕ್ಸೈಡುಗಳು. ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಎಂಬ ಅಮೂಲ್ಯ ಲೋಹಗಳನ್ನು ಲೇಪಿಸಿದ ಜೇನುಗೂಡಿನಂಥ ಆ ಪದಾರ್ಥ ಕಾರಿನ ಅತ್ಯಂತ ಬೆಲೆಬಾಳುವ ಭಾಗಗಳಲ್ಲಿ ಒಂದು. ಅದನ್ನು ಕಾಯುವುದೇ ಈ ಹೆಬ್ಬೆರಳಿನ ಗಾತ್ರದ ಸೆನ್ಸರಿನ ಮುಖ್ಯ ಉದ್ಯೋಗ. ಈಗ ಬಳಕೆಯಲ್ಲಿರುವ ಎಥನಾಲ್ ಬೆರೆತ ಪೆಟ್ರೋಲಿಗೆ ಬೇಕಾಗುವ ಗಾಳಿ ಇನ್ನೂ ಸ್ವಲ್ಪ ಕಡಿಮೆ. ಆ ವ್ಯತ್ಯಾಸವನ್ನು ಸರಿದೂಗಿಸುವುದು ಕೂಡ ಈ ಸೆನ್ಸರಿನ ವರದಿಯ ಆಧಾರದ ಮೇಲೆಯೇ.

ಈ ಸಾಧನಕ್ಕೆ ಆಧಾರವಾದ ಸಿದ್ಧಾಂತ ಹಳೆಯದು. ಜರ್ಮನಿಯ ರಸಾಯನ ವಿಜ್ಞಾನಿ ವಾಲ್ಥರ್ ನೆರ್ನ್‌ಸ್ಟ್ 1889ರಲ್ಲಿಯೇ ಇದರ ಸಮೀಕರಣವನ್ನು ಬರೆದಿಟ್ಟಿದ್ದರು; 1920ನೆಯ ಸಾಲಿನ ನೊಬೆಲ್ ಪಾರಿತೋಷಕ ಪಡೆದ ಮಹನೀಯರು ಇವರೇ. ಅದು ಕಾರಿನೊಳಕ್ಕೆ ಬರಲು ಲಾಸ್ ಏಂಜಲೀಸಿನ ಕಣ್ಣುರಿಯುವ ಹೊಗೆಮಂಜು ಕಾರಣವಾಗಬೇಕಾಯಿತು. 1970ರಲ್ಲಿ ಅಮೆರಿಕ ವಾಹನಗಳ ಹೊಗೆಗೆ ಕಟ್ಟುನಿಟ್ಟಿನ ಮಿತಿ ಹಾಕಿತು. ಜರ್ಮನಿಯ ಬಾಷ್ ಕಂಪನಿ ಈ ಸೆನ್ಸರನ್ನು ಸಿದ್ಧಪಡಿಸಿ 1976ರಲ್ಲಿ ತಯಾರಿಕೆ ಪ್ರಾರಂಭಿಸಿತು. ಕ್ಯಾಲಿಫೋರ್ನಿಯಾಕ್ಕೆ ಹೋಗುವ ಸ್ವೀಡನ್ನಿನ ವೋಲ್ವೋ ಕಾರುಗಳು ಅದನ್ನು ಮೊದಲು ಧರಿಸಿದವು. ‘ಲ್ಯಾಂಬ್ಡಾ ಸೋಂಡ್’ ಎಂಬ ಬಿಲ್ಲೆಯನ್ನು ಮುಂಭಾಗದ ಜಾಲರಿಗೇ ತಗುಲಿಸಿಕೊಂಡು ಆ ಕಾರುಗಳು ಓಡಾಡಿದವೆಂದರೆ ಅದರ ಮೇಲೆ ಅವರಿಗಿದ್ದ ಅಭಿಮಾನ ಎಷ್ಟೆಂಬುದನ್ನು ಊಹಿಸಬಹುದು. ಬಾಷ್ ಎಂದರೆ ಬೆಂಗಳೂರಿಗರಿಗೆ ಪರಕೀಯವಲ್ಲ. ಆಡುಗೋಡಿಯಲ್ಲಿ ತಲೆಮಾರುಗಳಿಗೆ ಉದ್ಯೋಗ ಕೊಟ್ಟ, ಒಂದು ಬಡಾವಣೆಗೆ ತನ್ನ ಹೆಸರನ್ನೇ ಬಿಟ್ಟುಹೋದ ‘ಮೈಕೋ’ ಕಾರ್ಖಾನೆ 2008ರಲ್ಲಿ ಹೆಸರು ಬದಲಿಸಿ ಬಾಷ್ ಆಯಿತು.

ವರದಿಗಾರನ ತಪ್ಪೇ?

ಭಾರತದಲ್ಲಿ 2013ರ ಏಪ್ರಿಲಿನಿಂದೀಚೆಗೆ ತಯಾರಾದ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ ಇಂಥ ಸೆನ್ಸರುಗಳು ಎರಡು. ಕನ್ವರ್ಟರಿಗಿಂತ ಮುಂಚೆ ಒಂದು, ಅದನ್ನು ದಾಟಿದ ಮೇಲೆ ಇನ್ನೊಂದು. ಮೊದಲನೆಯದು ಪೆಟ್ರೋಲಿನ ಹದವನ್ನು ನಿರ್ಧರಿಸುತ್ತದೆ. ಎರಡನೆಯದು ಮುಖ್ಯವಾಗಿ ಕನ್ವರ್ಟರ್ ತನ್ನ ಕೆಲಸ ಮಾಡುತ್ತಿದೆಯೇ ಎಂದು ಕಾವಲು ಕಾಯುತ್ತದೆ. ಕಾವಲುಗಾರನ ಬದುಕು ಸುಖದ್ದು. ಅದು ಬೇಗ ಸವೆಯುವುದಿಲ್ಲ. ‘ಎರಡೂ ಬದಲಾಯಿಸಿಬಿಡೋಣ’ ಎಂಬ ಮಾತಿಗೆ ಅನೇಕ ವೇಳೆ ಆಧಾರವಿರುವುದಿಲ್ಲ ಎಂಬುದನ್ನು ಇಲ್ಲಿಯೇ ಗಮನಿಸಬೇಕು.

ಸ್ಟೀರಿಂಗಿನ ಕೆಳಗೆ, ಚಾಲಕನ ಮೊಣಕಾಲಿನ ಬಳಿ, ಹದಿನಾರು ರಂಧ್ರಗಳ ಒಂದು ಸಾಕೆಟ್ಟು ಇರುತ್ತದೆ. ಮೆಕ್ಯಾನಿಕ್ ಪೆಟ್ಟಿಗೆ ಸಿಕ್ಕಿಸಿದ್ದು ಅಲ್ಲಿಗೇ. ಮೊಬೈಲ್ ಫೋನಿಗೆ ವರದಿ ಕಳಿಸುವ ಅಂಥದೇ ಒಂದು ಸಣ್ಣ ಉಪಕರಣ ಇಂದು ಸಾವಿರ ರೂಪಾಯಿಯೊಳಗೆ ದೊರೆಯುತ್ತದೆ. ಅದನ್ನು ಸಿಕ್ಕಿಸಿದರೆ ಪಿ ಅಕ್ಷರದ ಮುಂದೆ ನಾಲ್ಕು ಅಂಕಿಗಳ ಸಂಕೇತವೊಂದು ಕಾಣಿಸುತ್ತದೆ. ಆ ನಾಲ್ಕು ಅಂಕಿಗಳಲ್ಲಿ ಯಜಮಾನರ ಹಣದ ಭವಿಷ್ಯ ಅಡಗಿದೆ ಎಂದರೆ ಅತಿಶಯೋಕ್ತಿಯಲ್ಲ.

ಪಿ 0135 ಎಂದು ಬಂದರೆ ಮೊದಲನೆಯ ಸೆನ್ಸರಿನ ಕಾವಿನ ತಂತಿಯ ಮಂಡಲದಲ್ಲಿ ದೋಷ; ಪಿ 0141 ಎಂದರೆ ಎರಡನೆಯದರಲ್ಲಿ. ಸೆನ್ಸರ್ ಬೇಗ ಕಾಯಲೆಂದು ಒಳಗೆ ಇಟ್ಟಿರುವ ಪುಟ್ಟ ಹೀಟರ್ ಅದು. ಅದು ಸುಟ್ಟುಹೋಗಿರಬಹುದು, ಆದರೆ ಅದಕ್ಕೆ ವಿದ್ಯುತ್ ಒದಗಿಸುವ ಫ್ಯೂಸ್ ಹಾರಿರಬಹುದು, ತಂತಿ ಬಿಸಿ ಕೊಳವೆಗೆ ತಗುಲಿ ಕರಗಿರಬಹುದು, ಇಲಿ ಕಡಿದಿರಬಹುದು. ಬಾನೆಟ್ಟಿನೊಳಗೆ ಇಲಿ ಮಾಡುವ ಅನಾಹುತವನ್ನು ಕಂಡವರೇ ಬಲ್ಲರು. ಹತ್ತಿಪ್ಪತ್ತು ರೂಪಾಯಿಯ ಫ್ಯೂಸಿಗೆ ಬದಲಾಗಿ ಸಾವಿರಾರು ರೂಪಾಯಿಯ ಸೆನ್ಸರ್ ಕೊಂಡವರು ಕಡಿಮೆಯೇನಲ್ಲ. ಒಂದು ಸಾಧಾರಣ ಮಲ್ಟಿಮೀಟರ್ ಈ ಸಂದೇಹವನ್ನು ಪರಿಹರಿಸುತ್ತದೆ. ತಣ್ಣಗಿರುವಾಗ ಸೆನ್ಸರಿನ ಕನೆಕ್ಟರ್ ಬಿಚ್ಚಿ, ಒಂದೇ ಬಣ್ಣದ ಎರಡು ತಂತಿಗಳ ನಡುವೆ (ಹೆಚ್ಚಾಗಿ ಅವು ಬಿಳಿಯವು) ಪ್ರತಿರೋಧ ಅಳೆದರೆ ಕೆಲವೇ ಓಮ್‌ಗಳು ತೋರಬೇಕು. ಮಾಪಕ ಏನನ್ನೂ ತೋರದಿದ್ದರೆ ಹೀಟರ್ ತುಂಡಾಗಿದೆ, ಸೆನ್ಸರ್ ಬದಲಾಯಿಸತಕ್ಕದ್ದೇ.

ಪಿ 0133 ಎಂದರೆ ಸೆನ್ಸರ್ ನಿಧಾನವಾಗಿದೆ ಎಂದರ್ಥ. ಮುಪ್ಪಿನ ಲಕ್ಷಣವಾಗಿ ಇದು ಬರುವುದುಂಟು. ಹೀಟರ್ ಇರುವ ಸೆನ್ಸರ್ ಲಕ್ಷ ಕಿಲೋಮೀಟರ್ ದಾಟಿಯೂ ಸುಖವಾಗಿ ಬಾಳುವುದು ಸಾಮಾನ್ಯ; ಆಮೇಲೆ ಬಂದ ಸಂಕೇತವನ್ನು ನಂಬಬಹುದು.

ಮೋಸ ಹೋಗುವ ಜಾಗ ಪಿ 0171. ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆ ಎಂದು ಸೆನ್ಸರ್ ಹೇಳುತ್ತಿದೆ ಎಂಬುದಷ್ಟೇ ಇದರ ಅರ್ಥ. ಸೆನ್ಸರ್ ನಿಜವನ್ನೇ ಹೇಳುತ್ತಿರಬಹುದಲ್ಲ! ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಕೊಳವೆ ಬಿರಿದಿದ್ದರೆ, ಪೆಟ್ರೋಲ್ ಪಂಪು ದುರ್ಬಲವಾಗಿದ್ದರೆ, ಸ್ಪಾರ್ಕ್ ಪ್ಲಗ್ ಆಗಾಗ ಕಿಡಿ ತಪ್ಪುತ್ತಿದ್ದರೆ, ಸೆನ್ಸರಿಗಿಂತ ಮುಂಚೆಯೇ ಹೊಗೆಕೊಳವೆಯ ಬೆಸುಗೆ ಸೀಳಿ ಹೊರಗಿನ ಗಾಳಿ ಒಳನುಗ್ಗುತ್ತಿದ್ದರೆ, ಸೆನ್ಸರಿನ ವರದಿ ಹೀಗೆಯೇ ಬರುತ್ತದೆ. ಹೊಸ ಸೆನ್ಸರ್ ಹಾಕಿದರೂ ಅದು ಅದೇ ಸುದ್ದಿಯನ್ನೇ ತರುತ್ತದೆ. ಪಿ 0420 ಕನ್ವರ್ಟರಿನ ದಕ್ಷತೆ ಕುಗ್ಗಿತೆನ್ನುವ ಸಂಕೇತ. ಅದಕ್ಕೂ ಸೆನ್ಸರನ್ನೇ ಬಿಚ್ಚುವವರಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ಇಂಥವರನ್ನು ಕಂಡೇ ಹುಟ್ಟಿರಬೇಕು.

ಹಾಗೆಂದು ದೀಪವನ್ನು ತಿಂಗಳುಗಟ್ಟಲೆ ಅಲಕ್ಷಿಸುವುದೂ ಸಲ್ಲದು. ಕೆಟ್ಟ ಸೆನ್ಸರಿನ ಮಾತು ಕೇಳಿ ಕಂಪ್ಯೂಟರ್ ಪೆಟ್ರೋಲನ್ನು ಅಗತ್ಯಕ್ಕಿಂತ ಹೆಚ್ಚು ಸುರಿಯಬಹುದು. ಇಂಥ ದೋಷವನ್ನು ಸರಿಪಡಿಸಿದರೆ ಮೈಲೇಜು ಶೇಕಡಾ 40ರಷ್ಟು ಕೂಡ ಸುಧಾರಿಸಬಹುದೆಂದು ಅಮೆರಿಕ ಸರ್ಕಾರದ ಇಂಧನ ಉಳಿತಾಯದ ಸಲಹೆಗಳಲ್ಲಿ ಹೇಳಿದ್ದುಂಟು. ಅದು ವಿಪರೀತ ಕೆಟ್ಟ ಸ್ಥಿತಿಯ ಲೆಕ್ಕ. ಸಾಮಾನ್ಯ ಗೃಹಸ್ಥರಿಗೆ ಅಷ್ಟು ಲಾಭವನ್ನು ಆಶಿಸುವಂತಿಲ್ಲ. ಆದರೆ ಉರಿಯದ ಪೆಟ್ರೋಲು ಕನ್ವರ್ಟರಿನೊಳಗೆ ಹೋಗಿ ಉರಿದರೆ ಆ ಜೇನುಗೂಡು ಕಾದು ಕರಗುತ್ತದೆ. ಅದರ ಬೆಲೆ ಸೆನ್ಸರಿನ ಎಷ್ಟೋ ಪಟ್ಟು. ದೀಪ ಸ್ಥಿರವಾಗಿ ಉರಿಯದೆ ಮಿಣುಕತೊಡಗಿದರೆ ಈ ಅಪಾಯ ಆಗಲೇ ನಡೆಯುತ್ತಿದೆ ಎಂದು ತಿಳಿದು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಬೇಕು.

ಪೇಟೆಯಲ್ಲಿ

ಸೆನ್ಸರೇ ಕೆಟ್ಟಿದೆಯೆಂದು ಖಚಿತವಾಯಿತೆನ್ನೋಣ. ಇನ್ನು ಕೊಳ್ಳುವ ಮಾತು.

ಕಾರಿನ ಕಂಪನಿಯವರು ಸೆನ್ಸರುಗಳನ್ನು ಸಾಮಾನ್ಯವಾಗಿ ತಾವೇ ತಯಾರಿಸುವುದಿಲ್ಲ. ಬಾಷ್, ಜಪಾನಿನ ಡೆನ್ಸೋ, ಎನ್‌ಟಿಕೆ ಮೊದಲಾದ ಕೆಲವೇ ತಯಾರಕರಿಂದ ತರಿಸಿ, ತಮ್ಮ ಮುದ್ರೆಯ ಡಬ್ಬಿಯಲ್ಲಿಟ್ಟು ಮಾರುತ್ತಾರೆ. ಅದೇ ತಯಾರಕರು ಅದೇ ಮಾದರಿಯನ್ನು ತಮ್ಮದೇ ಡಬ್ಬಿಯಲ್ಲಿ ಪೇಟೆಗೆ ಬಿಡುವುದೂ ಉಂಟು. ಆಗ ಬೆಲೆ ಸಾಮಾನ್ಯವಾಗಿ ಗಣನೀಯವಾಗಿ ಇಳಿಯುತ್ತದೆ. ಬುದ್ಧಿವಂತ ಕೊಳ್ಳುಗನು ಮಾಡುವುದಿಷ್ಟೆ: ಹಳೆಯ ಸೆನ್ಸರನ್ನು ಬಿಚ್ಚಿಸಿ, ಅದರ ಲೋಹದ ಮೈಮೇಲೆ ಕೊರೆದಿರುವ ತಯಾರಕರ ಹೆಸರನ್ನೂ ಸಂಖ್ಯೆಯನ್ನೂ ಬರೆದುಕೊಂಡು, ಅದೇ ಸಂಖ್ಯೆಯದನ್ನು ಕೇಳುವುದು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಸಾಲಿನಲ್ಲಿ ಕಾರಿನ ಹೆಸರನ್ನಷ್ಟೇ ಹೇಳುವ ಗಿರಾಕಿಗೂ, ಸಂಖ್ಯೆ ಬರೆದ ಚೀಟಿ ಹಿಡಿದು ನಿಂತ ಗಿರಾಕಿಗೂ ದೊರೆಯುವ ಮರ್ಯಾದೆಯೇ ಬೇರೆ.

ಅದಕ್ಕಿಂತಲೂ ಅಗ್ಗವಾದದ್ದೊಂದುಂಟು. ಕನೆಕ್ಟರ್ ಇಲ್ಲದೆ ಬರೀ ತಂತಿಗಳೊಡನೆ ಬರುವ ‘ಯೂನಿವರ್ಸಲ್’ ಸೆನ್ಸರ್. ಹಳೆಯದರ ಕನೆಕ್ಟರನ್ನು ಕತ್ತರಿಸಿ ಇದಕ್ಕೆ ಜೋಡಿಸಬೇಕು. ತಾಳ್ಮೆಯುಳ್ಳ ಕೈಗೆ ಇದು ನಿಜವಾದ ಉಳಿತಾಯ. ಅವಸರದ ಕೈಗೆ ನಷ್ಟ. ತಂತಿಗಳ ಬಣ್ಣ ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ ಡಬ್ಬಿಯೊಳಗಿನ ಚೀಟಿಯನ್ನು ನೋಡದೆ ಜೋಡಿಸಬಾರದು. ಇನ್ನೊಂದು ಸೂಕ್ಷ್ಮವನ್ನು ಅನುಭವಿಗಳೂ ಮರೆಯುತ್ತಾರೆ. ಸೆನ್ಸರಿನ ಒಂದು ಮುಖ ಹೊರಗಿನ ಗಾಳಿಯನ್ನು ನೋಡಬೇಕೆಂದು ಮೇಲೆ ಹೇಳಿದೆ. ಅನೇಕ ಮಾದರಿಗಳಲ್ಲಿ ಆ ಗಾಳಿ ಒಳಹೋಗುವುದು ತಂತಿಯ ಎಳೆಗಳ ನಡುವಿನ ಸಂದಿಯಿಂದ! ಸೀಸದ ಬೆಸುಗೆ ಹಾಕಿದರೆ ಆ ಸಂದಿ ಮುಚ್ಚಿ ಸೆನ್ಸರಿನ ಉಸಿರೇ ಕಟ್ಟುತ್ತದೆ. ಆದುದರಿಂದ ಜೊತೆಯಲ್ಲಿ ಕೊಡುವ ಲೋಹದ ಕೊಳವೆಗಳಿಂದ ಒತ್ತಿ ಜೋಡಿಸಬೇಕೇ ಹೊರತು ಬೆಸೆಯಬಾರದು. ಸಂದಿಗೆ ಗ್ರೀಸ್ ಮೆತ್ತುವುದೂ ಇದೇ ಕಾರಣಕ್ಕೆ ತಪ್ಪು.

ನಂಬಲಾರದಷ್ಟು ಅಗ್ಗದ ಬೆಲೆಗೆ ಪ್ರಸಿದ್ಧ ಹೆಸರಿನ ಡಬ್ಬಿ ದೊರೆತರೆ ನಂಬದಿರುವುದೇ ಒಳ್ಳೆಯದು. ನಕಲಿ ಮಾಲು ಈ ವ್ಯಾಪಾರದಲ್ಲಿ ಧಾರಾಳ. ಗುಜರಿಯಿಂದ ಹಳೆಯ ಸೆನ್ಸರ್ ತರುವುದೂ ಉಚಿತವಲ್ಲ. ಅದು ಎಷ್ಟು ಹೊಗೆ ಕುಡಿದಿದೆಯೆಂಬುದು ಯಾರಿಗೂ ಗೊತ್ತಿರುವುದಿಲ್ಲ. ಕೆಲವು ಕಾರುಗಳಲ್ಲಿ ಮೊದಲನೆಯ ಸೆನ್ಸರಿನ ಜಾಗದಲ್ಲಿ ಬೇರೆಯೇ ಜಾತಿಯ, ಮಿಶ್ರಣವನ್ನು ಅಂಕಿಗಳಲ್ಲಿ ಅಳೆಯುವ ಸೆನ್ಸರ್ ಇರುತ್ತದೆ. ಹೊರನೋಟಕ್ಕೆ ಎರಡೂ ಒಂದೇ. ಒಂದರ ಬದಲು ಇನ್ನೊಂದನ್ನು ಹಾಕಿದರೆ ಕಾರಿಗೆ ಹುಚ್ಚು ಹಿಡಿಯುತ್ತದೆ.

ಸೆನ್ಸರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಿದರೆ ಸಾಕೆಂಬ ಸಲಹೆ ಆಗಾಗ ಕೇಳಿಬರುತ್ತದೆ. ಮಸಿ ತೊಳೆದುಹೋಗಬಹುದು, ಸೀಸ, ಸಿಲಿಕೋನ್, ಸುಟ್ಟ ಆಯಿಲಿನ ವಿಷ ಪ್ಲಾಟಿನಮ್ಮಿನ ಪದರಕ್ಕೇ ಇಳಿದಿದ್ದರೆ ತೊಳೆಯುವುದರಿಂದ ಫಲವಿಲ್ಲ. ಹಳೆಯದನ್ನು ಬಿಚ್ಚಿದಾಗ ತುದಿಯ ಬಣ್ಣವನ್ನು ನೋಡುವುದು ಮಾತ್ರ ಲಾಭದಾಯಕ. ಕಪ್ಪು ಮಸಿಯಿದ್ದರೆ ಪೆಟ್ರೋಲು ಹೆಚ್ಚು ಸುರಿಯುತ್ತಿದೆ. ಬಿಳಿಯ ಪುಡಿ ಕಂಡರೆ ರೇಡಿಯೇಟರಿನ ನೀರು ಎಂಜಿನ್ನಿನೊಳಗೆ ಸೋರುತ್ತಿರಬಹುದು, ಅಥವಾ ಗ್ಯಾಸ್ಕೆಟ್ಟಿಗೆ ಮೆತ್ತಿದ ಸಿಲಿಕೋನ್ ಅಂಟು ಕಾರಣವಾಗಿರಬಹುದು. ಆ ಮೂಲವನ್ನು ಸರಿಪಡಿಸದಿದ್ದರೆ ಹೊಸ ಸೆನ್ಸರೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಎರಡನೆಯ ಸೆನ್ಸರಿಗೆ ಅಡ್ಡವಾಗಿ ಉದ್ದದ ತಿರುಪನ್ನೋ ರೆಸಿಸ್ಟರನ್ನೋ ಸೇರಿಸಿ ದೀಪವನ್ನು ಆರಿಸಿಬಿಡುವ ಚತುರರೂ ಇದ್ದಾರೆ. ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿ ಕಳ್ಳನಿಲ್ಲವೆಂದು ಸಾರುವ ವಿದ್ಯೆ ಇದು. ಆ ಕಾರಿನ ಹಿಂದೆ ಸ್ಕೂಟರಿನಲ್ಲಿ ಬರುವವರ ಮಕ್ಕಳಿಗೆ ಆ ವಿಷವನ್ನು ಉಸಿರಾಡದೆ ವಿಧಿಯಿಲ್ಲ.

ಬಿಚ್ಚುವಾಗ, ಬಿಗಿಯುವಾಗ

ಕೆಲವು ಸಣ್ಣ ಕಾರುಗಳಲ್ಲಿ ಮೊದಲನೆಯ ಸೆನ್ಸರ್ ಬಾನೆಟ್ ಎತ್ತಿದೊಡನೆ ಕಾಣುತ್ತದೆ. ಕೈಕೆಲಸದಲ್ಲಿ ಆಸಕ್ತಿಯುಳ್ಳ ಗೃಹಸ್ಥರು ಇದನ್ನು ತಾವೇ ಬದಲಾಯಿಸಬಹುದು. ಗ್ಯಾರೇಜಿನಲ್ಲಿ ಮಾಡಿಸಿದರೂ ಅರ್ಧ ಗಂಟೆಯ ಕೆಲಸ. ಎರಡನೆಯದು ಕಾರಿನ ಅಡಿಯಲ್ಲಿರುತ್ತದೆ. ಬರೀ ಜ್ಯಾಕನ್ನು ನಂಬಿ ಕಾರಿನ ಕೆಳಗೆ ನುಸುಳುವುದು ಪ್ರಾಣಾಪಾಯದ ಕೆಲಸವಾದುದರಿಂದ, ಅದನ್ನು ಗ್ಯಾರೇಜಿನವರಿಗೆ ಬಿಡುವುದೇ ವಿವೇಕ.

ಬೇಕಾದ ಮುಖ್ಯ ಉಪಕರಣ 22 ಮಿಲಿಮೀಟರಿನ ಸ್ಪ್ಯಾನರ್, ಅಥವಾ ತಂತಿ ತೂರುವಂತೆ ಪಕ್ಕದಲ್ಲಿ ಸೀಳಿರುವ ಅದೇ ಅಳತೆಯ ಸಾಕೆಟ್. ವರ್ಷಗಟ್ಟಲೆ ಬೆಂಕಿಯಲ್ಲಿ ಬೆಂದ ತಿರುಪು ಸುಲಭವಾಗಿ ಕದಲುವುದಿಲ್ಲ. ಹಿಂದಿನ ರಾತ್ರಿಯೇ ಬುಡಕ್ಕೆ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು, ಬೆಳಗ್ಗೆ ಎಂಜಿನ್ನನ್ನು ಒಂದೆರಡು ನಿಮಿಷ ಮಾತ್ರ ಓಡಿಸಿ ನಿಲ್ಲಿಸಿದರೆ, ಕೊಳವೆ ಬಿಸಿಯಾಗಿ ತುಸು ಹಿಗ್ಗಿ, ತಿರುಪು ಮಾತು ಕೇಳುತ್ತದೆ. ಬಲಾತ್ಕಾರಕ್ಕೆ ಹೋದರೆ ಕೊಳವೆಯ ಒಳತಿರುಪೇ ಕಿತ್ತುಬಂದು ಖರ್ಚು ಇಮ್ಮಡಿಯಾಗುತ್ತದೆ. ಗ್ಯಾರೇಜಿನವರು ‘ಒಮ್ಮೊಮ್ಮೆ ಕಷ್ಟ ಸಾರ್’ ಎನ್ನುವುದು ಈ ಅರ್ಥದಲ್ಲಿ ನಿಜವೇ. ಅವರ ಕೂಲಿಯಲ್ಲಿ ಈ ಅಪಾಯದ ಪಾಲೂ ಸೇರಿರುತ್ತದೆ.

ಹೊಸ ಸೆನ್ಸರಿನ ತಿರುಪಿಗೆ ಸಾಮಾನ್ಯವಾಗಿ ಕಾರ್ಖಾನೆಯಲ್ಲಿಯೇ ಬೂದುಬಣ್ಣದ ಲೇಹ್ಯದಂಥದೊಂದನ್ನು ಹಚ್ಚಿರುತ್ತಾರೆ. ಮುಂದೆ ತಿರುಪು ಕಚ್ಚಿಕೊಳ್ಳದಿರಲೆಂದು ಈ ಏರ್ಪಾಡು. ಅದು ತುದಿಗೆ ತಗುಲಬಾರದು; ಎಣ್ಣೆಗೈಯಿಂದ ತುದಿಯನ್ನು ಮುಟ್ಟಲೂ ಬಾರದು. ಒಮ್ಮೆ ನೆಲಕ್ಕೆ ಬಿದ್ದ ಸೆನ್ಸರಿನೊಳಗೆ ಪಿಂಗಾಣಿ ಬಿರುಕು ಬಿಟ್ಟಿರಬಹುದು. ಅದನ್ನು ಹೊಸದೆಂದು ಎಣಿಸುವಂತಿಲ್ಲ. ಕೈಯಿಂದಲೇ ಕೊನೆಯವರೆಗೆ ತಿರುಗಿಸಿ, ಆಮೇಲೆ ಸ್ಪ್ಯಾನರಿನಿಂದ ಬಿಗಿದು, ತಂತಿಯನ್ನು ಹಳೆಯ ಕ್ಲಿಪ್ಪುಗಳಲ್ಲಿಯೇ ಕೂರಿಸಬೇಕು. ಜೋತುಬಿದ್ದ ತಂತಿ ಕೊಳವೆಗೆ ತಗುಲಿತೆಂದರೆ ಕಥೆ ಮೊದಲಿನಿಂದ.

ಇನ್ನುಳಿದದ್ದು ಹಳೆಯ ಸಂಕೇತವನ್ನು ಅಳಿಸುವುದು. ಅಳಿಸಿದೊಡನೆ ದೀಪ ಆರುತ್ತದೆ. ಆದರೆ ಆ ಗಳಿಗೆಯಲ್ಲಿ ಅದು ಕೆಟ್ಟ ಸೆನ್ಸರಿದ್ದರೂ ಆರುತ್ತಿತ್ತು! ಕಂಪ್ಯೂಟರ್ ತನ್ನ ಪರೀಕ್ಷೆಗಳನ್ನು ಹೊಸದಾಗಿ ನಡೆಸಿ ತೃಪ್ತಿಪಡಲು ಹಲವು ಬಾರಿ ತಣ್ಣಗಿನಿಂದ ಪ್ರಾರಂಭಿಸಿ, ಪೇಟೆಯಲ್ಲಿಯೂ ಹೆದ್ದಾರಿಯಲ್ಲಿಯೂ ಓಡಿಸಬೇಕಾಗುತ್ತದೆ. ಎಮಿಷನ್ ಟೆಸ್ಟಿಗೆ ಅದಾದ ಮೇಲೆ ಹೋಗುವುದು ಲೇಸು. ಭಾರತ್ ಸ್ಟೇಜ್ 4 ಮತ್ತು ಅನಂತರದ ಪೆಟ್ರೋಲ್ ಕಾರುಗಳ ಆ ಪರೀಕ್ಷೆಯಲ್ಲಿ ಲ್ಯಾಂಬ್ಡಾ ಎಂಬ ಅಂಕಿಯೊಂದನ್ನೂ ಅಳೆಯುತ್ತಾರೆ, ಅದು 0.97ಕ್ಕೂ 1.03ಕ್ಕೂ ನಡುವೆ ಇರಬೇಕು. ವೋಲ್ವೋ ಕಾರಿನ ಬಿಲ್ಲೆಯ ಮೇಲಿದ್ದ ಲ್ಯಾಂಬ್ಡಾ ಇದೇ.

ಮದುವೆಗೆ ಹೋಗಿಬಂದ ಯಜಮಾನರ ಕಾರಿನಲ್ಲಿ ಸಂಕೇತ ಪಿ 0135 ಆಗಿತ್ತೆನ್ನೋಣ. ಫ್ಯೂಸ್ ಸರಿಯಿದೆ, ತಂತಿ ಸರಿಯಿದೆ, ಹೀಟರ್ ಮಾತ್ರ ತುಂಡು. ಅವರು ಕೊಳ್ಳಬೇಕಾದದ್ದು ಒಂದೇ ಸೆನ್ಸರು, ಮೊದಲನೆಯದು. ಎರಡನೆಯದಕ್ಕೂ ಕನ್ವರ್ಟರಿಗೂ ಇನ್ನೂ ಆಯುಸ್ಸಿದೆ. ಹೊಸದನ್ನು ಹಾಕಿಸಿಕೊಂಡು ಕನಕಪುರದ ರಸ್ತೆಯಲ್ಲಿ ಒಂದು ಸುತ್ತು ಹೋದರೆ, ಪಕ್ಕದಲ್ಲಿ ಕುಳಿತ ಮಗ ಫೋನಿನ ಪರದೆಯ ಮೇಲೆ ಗೆರೆಯೊಂದು 0.1ಕ್ಕೂ 0.9ಕ್ಕೂ ನಡುವೆ ಬಿಡುವಿಲ್ಲದೆ ಏರಿಳಿಯುವುದನ್ನು ನೋಡುತ್ತ ಕೂರಬಹುದು.